ನಾಲ್ಕು ಕಾಲಿನ ಬಟನ್, ಎರಡೇ ಸಂಪರ್ಕ

ಆರು ಮಿಲಿಮೀಟರ್ ಪುಶ್ ಬಟನ್‌ಗೆ ನಾಲ್ಕು ಕಾಲಿದ್ದರೂ ಒಳಗೆ ಇರುವುದು ಎರಡೇ ಸಂಪರ್ಕ. ಎರಡೆರಡು ಕಾಲು ಒಳಗಡೆ ಮೊದಲೇ ಕೂಡಿಕೊಂಡಿರುತ್ತವೆ. ಒತ್ತಿದಾಗ ಆ ಎರಡು ಜೋಡಿ ಒಂದಕ್ಕೊಂದು ತಾಗುತ್ತವೆ. ಗೊತ್ತಿಲ್ಲದೆ ಒಂದೇ ಜೋಡಿಯ ಎರಡೂ ಕಾಲಿಗೆ ವೈರ್ ಕೊಟ್ಟರೆ, ಮುಟ್ಟದಿದ್ದರೂ ಬಟನ್ ಒತ್ತಿದಂತೆಯೇ ಇರುತ್ತದೆ. ಪ್ರೋಗ್ರಾಂನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ.

ಉಪಾಯ ಸುಲಭ: ಮೂಲೆಯಿಂದ ಎದುರು ಮೂಲೆಯ ಕಾಲುಗಳನ್ನೇ ಬಳಸಿ. ಬಟನ್ ಯಾವ ಕಡೆ ತಿರುಗಿದ್ದರೂ ಅವು ಬೇರೆ ಬೇರೆ ಜೋಡಿಯವೇ. ಅನುಮಾನವಿದ್ದರೆ ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ನೋಡಿ. ಒತ್ತಿದಾಗ ಮಾತ್ರ ಕೂಗಬೇಕು.

ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ಚುಚ್ಚಿ ಜೋಡಿಸುವ ತೂತಿನ ಹಲಗೆ) ನಡುವಿನ ಕಾಲುವೆಯ ಆಚೆಗೆರಡು, ಈಚೆಗೆರಡು ಕಾಲು ಬರುವಂತೆ ಬಟನ್ ನೆಡಬೇಕು. ಒಂದೇ ಪಕ್ಕದಲ್ಲಿ ನೆಟ್ಟರೆ ಎರಡೆರಡು ಕಾಲು ಒಳಗೇ ಕೂಡಿಕೊಂಡಿರುವ ಒಂದೇ ಐದು ತೂತಿನ ಸಾಲಿಗೆ ಬೀಳುತ್ತವೆ. ಕಾಲುಗಳು ಡೊಂಕಾಗಿರುವುದು ಪಿಸಿಬಿಯಲ್ಲಿ (ಬೆಸುಗೆ ಹಾಕುವ ಸರ್ಕ್ಯೂಟ್ ಹಲಗೆ) ಕಚ್ಚಿ ಕೂರಲೆಂದು. ಬ್ರೆಡ್‌ಬೋರ್ಡಿನಿಂದ ಮಾತ್ರ ಅದೇ ಡೊಂಕಿನಿಂದಾಗಿ ಬಟನ್ ಮೇಲೆದ್ದು ಬರುತ್ತದೆ. ಚೂಪು ಮೂತಿಯ ಇಕ್ಕಳದಿಂದ ನೇರ ಮಾಡಿ ಒತ್ತಿ.

ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಬೋರ್ಡಾದ ಆರ್ಡುಯಿನೋ ಊನೋಗಾದರೆ ಒಂದು ಕಾಲು ಗ್ರೌಂಡ್‌ಗೆ, ಎದುರು ಮೂಲೆಯದು 2ನೇ ಪಿನ್‌ಗೆ. 0 ಮತ್ತು 1 ಬೇಡ, ಅವು ಸೀರಿಯಲ್‌ಗೆ, ಅಂದರೆ ಕಂಪ್ಯೂಟರಿನೊಡನೆ ಮಾತಿಗೆ, ಬೇಕು. ಪ್ರೋಗ್ರಾಂನಲ್ಲಿ ಪಿನ್ನನ್ನು ಇನ್‌ಪುಟ್ ಪುಲ್‌ಅಪ್ ಎಂದು ಹೊಂದಿಸಿ; ಪುಲ್‌ಅಪ್ ಎಂದರೆ ಪಿನ್ನನ್ನು 5 ವೋಲ್ಟ್ ಕಡೆಗೆ ಎಳೆದಿಡುವ ರೆಸಿಸ್ಟರ್. ಬರೀ ಇನ್‌ಪುಟ್ ಎಂದು ಬಿಟ್ಟರೆ, ಬಟನ್ ಬಿಟ್ಟಾಗ ಪಿನ್‌ಗೆ ಯಾವ ಆಸರೆಯೂ ಇರುವುದಿಲ್ಲ. ಕೈ ಹತ್ತಿರ ತಂದರೂ ಓದು ಬದಲಾಗುತ್ತದೆ. ಪುಲ್‌ಅಪ್‌ನಲ್ಲಿ ಒತ್ತಿದಾಗ ಸಿಗುವುದು ಲೋ (0 ವೋಲ್ಟ್), ಬಿಟ್ಟಾಗ ಹೈ (5 ವೋಲ್ಟ್). ಷರತ್ತು ಬರೆಯುವಾಗ ಇದನ್ನು ಮರೆಯುವವರೇ ಹೆಚ್ಚು.

ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್‌ನಷ್ಟು. ಮೇಜಿನ ಮೇಲಿನ ಗಿಡ್ಡ ವೈರ್‌ಗೆ ಧಾರಾಳ ಸಾಕು. ಉದ್ದ ವೈರ್ ಮೋಟಾರ್, ರಿಲೇಗಳ ಪಕ್ಕ ಹಾದುಹೋದರೆ 5 ವೋಲ್ಟ್ ಮತ್ತು ಪಿನ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ. ಒತ್ತಿದಾಗ ಹರಿಯುವುದು ಅರ್ಧ ಮಿಲಿಆಂಪಿಯರ್ ಮಾತ್ರ.

ಒಮ್ಮೆ ಒತ್ತಿದರೆ ಮೂರು ನಾಲ್ಕು ಎಣಿಕೆ ಬರುವುದೂ ಉಂಟು. ಲೋಹದ ತಗಡು ತಾಗುವಾಗ ಕೆಲವು ಮಿಲಿಸೆಕೆಂಡ್ ಅದುರುವುದೇ ಕಾರಣ. ಬದಲಾವಣೆ ಕಂಡ ಮೇಲೆ 20ರಿಂದ 50 ಮಿಲಿಸೆಕೆಂಡ್ ತಡೆದು ಮತ್ತೆ ಓದಿ, ಆಗಲೂ ಅದೇ ಇದ್ದರೆ ಮಾತ್ರ ಎಣಿಸಿ. ಬಟನ್‌ಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೂ ಅನುಕೂಲವೇ, ಆದರೆ ಅದನ್ನೊಂದನ್ನೇ ನಂಬಬೇಡಿ.

ಇದೇ ಜೋಡಣೆಯನ್ನು ಇನ್ನೊಂದು ಬಗೆಯ ಬೋರ್ಡಾದ ಇಎಸ್‌ಪಿ32ಕ್ಕೆ ಒಯ್ಯುವಾಗ 34ರಿಂದ 39ರವರೆಗಿನ ಪಿನ್ ಬಿಡಿ. ಅವಕ್ಕೆ ಒಳಗಿನ ಪುಲ್‌ಅಪ್ ಇಲ್ಲ. ಹೊರಗಿನ ರೆಸಿಸ್ಟರ್ ಹಾಕುವುದಾದರೆ ಅದು 3.3 ವೋಲ್ಟ್‌ಗೆ ಹೋಗಲಿ, 5ಕ್ಕಲ್ಲ.