ದತ್ತಿ ಎಂದರೆ ದುಡ್ಡೋ, ಪ್ರತಿಭೆಯೋ?

ದಾವಣಗೆರೆಯಲ್ಲಿ ನಮ್ಮ ತಾಯಿಯ ಹೆಸರಿನಲ್ಲಿ ವರ್ಷಕ್ಕೊಂದು ದತ್ತಿ ಉಪನ್ಯಾಸ ನಡೆಯುತ್ತದೆ. ಆಹ್ವಾನ ಪತ್ರಿಕೆ ಹಿಡಿದು ಕಾಲೇಜುಗಳಿಗೆ ಹೋದಾಗಲೆಲ್ಲ ಮಕ್ಕಳು ಕೇಳುವುದು ಇದನ್ನೇ: ‘ಮೇಡಂ, ದತ್ತಿ ಅಂದರೆ ಎಂಡೋಮೆಂಟ್ ತಾನೆ? ಇಂಗ್ಲಿಷ್ ನಿಘಂಟಿನಲ್ಲಿ ಎಂಡೋಮೆಂಟ್‌ಗೆ ಹುಟ್ಟಿನಿಂದ ಬಂದ ಪ್ರತಿಭೆ ಎಂಬ ಅರ್ಥವೂ ಇದೆಯಲ್ಲ. ಹಣಕ್ಕೂ ಪ್ರತಿಭೆಗೂ ಒಂದೇ ಪದ ಹೇಗಾಯಿತು?’

ಎರಡೂ ಯಾರೋ ಕೊಟ್ಟಿದ್ದು, ಅದಕ್ಕೆ. ಆ ಇಂಗ್ಲಿಷ್ ಪದ ಹುಟ್ಟಿದ್ದು ಲ್ಯಾಟಿನ್ನಿನ ‘ದೋಸ್’ನಿಂದ, ಮದುವೆಯಲ್ಲಿ ಹೆಣ್ಣಿನ ಜೊತೆ ಕೊಟ್ಟು ಕಳಿಸುವ ಧನ ಎಂದು ಅದರ ಅರ್ಥ. ಕೊಡು ಎನ್ನುವ ಲ್ಯಾಟಿನ್ ಧಾತುವೂ ಸಂಸ್ಕೃತದ ‘ದಾ’ ಧಾತುವೂ ಒಂದೇ ಬೇರಿನವು. ನಮ್ಮ ದಾನ, ದತ್ತಿ, ದತ್ತು, ದತ್ತಾಂಶ ಎಲ್ಲ ಆ ‘ದಾ’ದ ಮಕ್ಕಳೇ. ದೈವದತ್ತ, ಪ್ರಕೃತಿದತ್ತ ಎನ್ನುವಾಗಲೂ ಅದೇ ಇದೆ. ಇಂಗ್ಲಿಷಿನಲ್ಲಿ ಒಂದೇ ಪದ ಹೊತ್ತ ಭಾರವನ್ನು ಕನ್ನಡದಲ್ಲಿ ಅಕ್ಕತಂಗಿಯರು ಹಂಚಿಕೊಂಡಿದ್ದಾರೆ, ಅಷ್ಟೆ. ‘ಟ್ಯಾಲೆಂಟ್’ ಕೂಡ ಮೊದಲು ಗ್ರೀಕರು ಬೆಳ್ಳಿ ತೂಗುತ್ತಿದ್ದ ಪ್ರಮಾಣ. ಬೈಬಲಿನಲ್ಲಿ ಯಜಮಾನನೊಬ್ಬ ಆಳುಗಳ ಕೈಗೆ ತಲಾಂತುಗಳನ್ನು ಒಪ್ಪಿಸಿ ಹೋಗುವ ಕಥೆಯಿಂದ ಅದಕ್ಕೆ ಸಾಮರ್ಥ್ಯ ಎಂಬ ಅರ್ಥ ಬಂದಿತು.

ಆದರೆ ದತ್ತಿ ಬರೀ ಕೊಟ್ಟದ್ದಲ್ಲ. ಪಕ್ಕದ ಹರಿಹರಕ್ಕೆ ಹೋಗಿ ನೋಡಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಶಾಸನದ ಕಲ್ಲುಗಳು ಎದ್ದು ನಿಂತಿವೆ. ನಮ್ಮ ನಾಡಿನ ದಾನಶಾಸನಗಳಲ್ಲಿ ಭೂಮಿಯನ್ನೋ ಹೊನ್ನನ್ನೋ ಧಾರೆಯೆರೆದು ‘ಬಿಟ್ಟ ದತ್ತಿ’ ಎಂದು ಬರೆಯುತ್ತಾರೆ. ಈ ‘ಬಿಟ್ಟ’ ಎಂಬ ಮಾತು ನನಗೆ ಬಹಳ ಇಷ್ಟ. ಕೊಟ್ಟವನು ಅದರ ಮೇಲಿನ ಕೈ ತೆಗೆದ. ಪಡೆದವನಿಗೂ ಅದನ್ನು ಕರಗಿಸುವ ಹಕ್ಕಿಲ್ಲ. ಹೊನ್ನು ಹಾಗೆಯೇ ಇರಬೇಕು, ಅದರ ಬಡ್ಡಿಯಲ್ಲಿ ನಂದಾದೀವಿಗೆ ಉರಿಯಬೇಕು, ಅದೂ ಚಂದ್ರಸೂರ್ಯರಿರುವವರೆಗೆ. ಅಳುಪಿದವರಿಗೆ ಶಾಪವನ್ನೂ ಕೆತ್ತುತ್ತಿದ್ದರು: ‘ಸ್ವದತ್ತಾಂ ಪರದತ್ತಾಂ ವಾ’ ಎಂದು ತೊಡಗುವ ಶ್ಲೋಕ. ತಾನೇ ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನಂತೆ. ತಾನೇ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡವನಿಗೂ ಅದೇ ಶಿಕ್ಷೆ!

ಪ್ರತಿಭೆಯ ಮಾತಿಗೆ ಬಂದರೆ, ದೈವದತ್ತ ಎಂದು ಥಟ್ಟನೆ ಹೇಳಿಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮೂರಿನ ಚಿಂದೋಡಿ ಲೀಲಾ ಅವರ ಅಭಿನಯವನ್ನು ಹಾಗೆ ಹೊಗಳುವವರಿದ್ದಾರೆ. ಅವರು ಕಣ್ಣು ಬಿಟ್ಟದ್ದೇ ನಾಟಕ ಕಂಪನಿಯ ಮನೆತನದಲ್ಲಿ. ತಂದೆ ಚಿಂದೋಡಿ ವೀರಪ್ಪನವರು ರಂಗಭೂಮಿಯವರು. ರಕ್ತದಲ್ಲಿ ಬಂದದ್ದೆಷ್ಟು, ರಾತ್ರಿಯಿಡೀ ಬಣ್ಣ ಹಚ್ಚಿ ದುಡಿದು ಗಳಿಸಿದ್ದೆಷ್ಟು? ಎಲ್ಲವನ್ನೂ ದೈವದ ಲೆಕ್ಕಕ್ಕೆ ಬರೆದರೆ ಆ ದುಡಿಮೆಗೆ ಅನ್ಯಾಯ. ಅದಕ್ಕೇ ಅನುವಾದ ಮಾಡುವ ಮಕ್ಕಳಿಗೆ ನಾನು ಹೇಳುವುದು: ಹಣವಾದರೆ ದತ್ತಿನಿಧಿ ಎಂದು ಬರೆಯಿರಿ, ಗುಣವಾದರೆ ಸಹಜ ಪ್ರತಿಭೆ ಎನ್ನಿ.

ನಮ್ಮ ತಾಯಿಯ ದತ್ತಿಯ ಬಡ್ಡಿ ಈಗ ಉಪನ್ಯಾಸಕರ ಬಸ್ ಖರ್ಚಿಗೂ ಸಾಲುತ್ತಿಲ್ಲ. ಮೂಲಧನ ಮುಟ್ಟೋಣವೇ ಎಂದು ತಮ್ಮ ಕೇಳಿದ. ಬೇಡವೆಂದೆ. ಈ ಯುಗಾದಿಗೆ ನಾವು ಮೂವರು ಒಡಹುಟ್ಟಿದವರು ಕೈಯಿಂದ ಹಾಕಿ ಅದನ್ನು ಬೆಳೆಸಿದ್ದೇವೆ.