ನೀಲಿ ಬಟ್ಟೆಯ ಸಿಪಾಯಿಗಳು

ಭಾನುವಾರ, 16 ಫೆಬ್ರವರಿ 2025
ಸ್ಯಾನ್ ಹೋಸೆ

ಅವರು ಹಾಕಿಕೊಂಡಿದ್ದು ನೀಲಿ ಬಟ್ಟೆ. ಎಲ್ಲರೂ ಮಲಗಿದ್ದಾರೆ, ನನಗೆ ಮಾತ್ರ ಆ ನೀಲಿ ಕಣ್ಣಿಂದ ಹೋಗುತ್ತಿಲ್ಲ.

ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಸಿಪಾಯಿ ಅಂದರೆ ನಾನು ನೋಡಿದ್ದೆಲ್ಲಾ ಕಪ್ಪು ಬಿಳುಪು ಫೋಟೋ. ಬಣ್ಣ ನಾವೇ ಊಹಿಸಿಕೊಳ್ಳಬೇಕು. ಇವತ್ತು ಬಣ್ಣದ ಚಿತ್ರದಲ್ಲಿ ನೋಡಿದ ಹುಡುಗರು ನೀಲಿ ಡೆನಿಮ್ ಅಂಗಿ, ಡೆನಿಮ್ ಪ್ಯಾಂಟು, ತಲೆಗೆ ಅದೇ ಬಟ್ಟೆಯ ಜೋಲು ಟೋಪಿ ಹಾಕಿಕೊಂಡು ಗುಂಡಿ ತೋಡುತ್ತಿದ್ದರು. ಮೊಣಕಾಲ ತನಕ ಕೆಂಪು ಧೂಳು. ಹಿಂದೆ ಸಾಲು ಸಾಲು ಅನಾನಸ್, ಅದರಾಚೆ ಹಸಿರು ಬೆಟ್ಟ. ಹವಾಯಿಯ ಓವಾಹು ದ್ವೀಪ, ಸ್ಕೋಫೀಲ್ಡ್ ಬ್ಯಾರಕ್ಸ್ ಅನ್ನೋ ಸೈನ್ಯದ ನೆಲೆ, 1940. ಆಗ ಅಮೆರಿಕದ ಸೈನ್ಯದಲ್ಲಿ ಮೈ ಮುರಿಯುವ ಕೆಲಸಕ್ಕೆ ಡೆನಿಮ್ಮೇ ಸಮವಸ್ತ್ರ. ಖಾಕಿಯನ್ನು ಇಸ್ತ್ರಿ ಮಾಡಿ ಪರೇಡಿಗೆ, ಪೇಟೆಗೆ ಅಂತ ಇಟ್ಟುಕೊಳ್ಳುತ್ತಿದ್ದರು.

ಎದುರುಮನೆ ಅಜ್ಜಿ ಗೊತ್ತಲ್ಲ, ನಿಂಬೆಹಣ್ಣು ಕೊಡೋರು. ಮನೆ ಖಾಲಿ ಮಾಡಿ ಮಗನ ಹತ್ತಿರ ಹೋಗುತ್ತಿದ್ದಾರೆ. ಅವರ ತಂದೆಯ ಕೋಟುಗಳ ಹಿಂದೆ, ಕಪಾಟಿನ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತಂತೆ. "ನಿಮ್ಮ ಮನೇಲಿ ಸ್ಕ್ಯಾನರ್ ಇದೆ ಅಲ್ವಾ?" ಅಂತ ಮಳೆಯಲ್ಲೇ ತಂದರು. ಒಳಗೆ ರಟ್ಟಿನ ಚೌಕಟ್ಟಿನ ಸ್ಲೈಡುಗಳು. ಕೊಡಾಕ್ರೋಮ್ ಅನ್ನೋ ಬಣ್ಣದ ಫಿಲ್ಮ್. ಇವರು ಮೊದಲನೆಯದನ್ನು ಸ್ಕ್ಯಾನ್ ಮಾಡಿ ಪರದೆಗೆ ತಂದಾಗ ಮೂವರೂ ಸುಮ್ಮನಾದೆವು. ನಿನ್ನೆ ತೆಗೆದ ಹಾಗಿತ್ತು.

ಅಜ್ಜಿ ಈ ಚಿತ್ರಗಳನ್ನು ನೋಡುತ್ತಿರುವುದು ಇದೇ ಮೊದಲು. ಅಪ್ಪನ ಜೊತೆ ಅಷ್ಟು ವರ್ಷ ಒಂದೇ ಸೂರಿನಡಿ ಇದ್ದವರು.

"ಒಂದು ಸಲವೂ ತೋರಿಸಲಿಲ್ಲವಾ?"

"ನಮ್ಮ ಮನೇಲಿ ಪ್ರೊಜೆಕ್ಟರ್ ಇತ್ತು. ಕ್ರಿಸ್‌ಮಸ್ ಫೋಟೋ ಎಲ್ಲಾ ಗೋಡೆ ಮೇಲೆ ಹಾಕಿ ತೋರಿಸೋರು. ಇದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ."

ಅವರಪ್ಪ 1941ರ ಬೇಸಿಗೆಯಲ್ಲೇ ಅವಧಿ ಮುಗಿಸಿ ವಾಪಸು ಬಂದಿದ್ದರು. ಹಡಗಿನ ಮೇಲೆ ಕತ್ತಿನ ತುಂಬಾ ಹೂವಿನ ಹಾರ ಹಾಕಿಕೊಂಡ ಚಿತ್ರವೂ ಇದೆ. ಜೊತೆಯವರು ಅಲ್ಲೇ ಉಳಿದರು. ಡಿಸೆಂಬರ್ 7ರ ಬೆಳಗ್ಗೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿದ್ದಾಗ ಸ್ಕೋಫೀಲ್ಡ್‌ಗೆ ಅಂಟಿಕೊಂಡಿರುವ ವೀಲರ್ ವಿಮಾನ ನಿಲ್ದಾಣವೂ ಹೊತ್ತಿ ಉರಿಯಿತು. ದ್ವೀಪದಲ್ಲಿ ಒಟ್ಟು 2,403 ಅಮೆರಿಕನ್ನರು ಸತ್ತರು. "ನನ್ನ ಹಾಸಿಗೆಯಲ್ಲಿ ಯಾರು ಮಲಗಿದ್ದನೋ ಅಂತ ಒಂದೇ ಒಂದು ಸಲ ಅಂದಿದ್ದರು," ಅಂದರು ಅಜ್ಜಿ. "ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಾಫಿ ಬೆರೆಸಲು ಒಳಗೆ ಹೋದೆ.

ಅಷ್ಟರಲ್ಲಿ ಇವರು ಒಂದು ವಿಷಯ ಹೇಳಿದರು. ಕೊಡಾಕ್ರೋಮ್ ಕತ್ತಲಲ್ಲಿದ್ದರೆ ಹತ್ತಾರು ವರ್ಷ ಬಣ್ಣ ಬಿಡುವುದಿಲ್ಲ, ಆದರೆ ಪ್ರೊಜೆಕ್ಟರಿನ ದೀಪ ತಾಗಿದಷ್ಟೂ ಬೇಗ ಮಾಸುತ್ತದೆ. ಅಂದರೆ ಆ ಕ್ರಿಸ್‌ಮಸ್ ಚಿತ್ರಗಳ ಹಾಗೆ ಇವನ್ನೂ ಗೋಡೆ ಮೇಲೆ ಮತ್ತೆ ಮತ್ತೆ ಹಾಕಿದ್ದರೆ ಈ ನೀಲಿ, ಈ ಕೆಂಪು ಇಷ್ಟು ಉಳಿಯುತ್ತಿರಲಿಲ್ಲ. ಅವರು ನೋಡಲಾರದೆ ಮುಚ್ಚಿಟ್ಟಿದ್ದಕ್ಕೇ ನಾವು ನೋಡುತ್ತಿದ್ದೇವೆ. ಅಜ್ಜಿ ಇದನ್ನು ಕೇಳಿ ಕಣ್ಣೊರೆಸಿಕೊಂಡರು, ಆದರೆ ದುಃಖದಿಂದ ಅಂತ ನನಗೆ ಅನ್ನಿಸಲಿಲ್ಲ.

ಎಷ್ಟು ಆಸೆಪಟ್ಟು ತೆಗೆದಿರಬೇಕು! 35 ಎಂಎಂ ಕೊಡಾಕ್ರೋಮ್ ಬಂದಿದ್ದು 1936ರಲ್ಲಿ. ಕಂಡುಹಿಡಿದ ಇಬ್ಬರೂ ಸಂಗೀತಗಾರರು, ಒಬ್ಬರು ಪಿಯಾನೋ, ಇನ್ನೊಬ್ಬರು ಪಿಟೀಲು. ಶುರುವಿನಲ್ಲಿ ಒಂದು ರೀಲಿಗೆ, ತೊಳೆಸುವ ಖರ್ಚೂ ಸೇರಿ, ಮೂರೂವರೆ ಡಾಲರ್. 1940ರಲ್ಲಿ ಹೊಸ ಸಿಪಾಯಿಯ ಸಂಬಳ ತಿಂಗಳಿಗೆ 21 ಡಾಲರ್. ರೀಲನ್ನು ಕೊಡಾಕ್ ಕಂಪನಿಗೇ ಅಂಚೆಯಲ್ಲಿ ಕಳಿಸಿ, ವಾಪಸು ಬರುವ ತನಕ ಕಾಯಬೇಕು. ಹಾಗೆ ದುಡ್ಡು ಕೂಡಿಸಿ ಈ ಹುಡುಗ ತೆಗೆದಿದ್ದೇನು? ಬಟ್ಟೆ ಒಣಹಾಕಿದ ಹಗ್ಗ. ಬ್ಯಾರಕ್ಸಿನ ಜಗುಲಿಯಲ್ಲಿ ಷೂ ಪಾಲಿಶ್ ಮಾಡುತ್ತಾ ನಗುವ ಗೆಳೆಯ. ಬಿಳಿ ಕೋಟು ಹಾಕಿ ಕ್ಷೌರ ಮಾಡುತ್ತಿರುವ ಜಪಾನಿ ಹೆಂಗಸು. ಆಗ ದ್ವೀಪಗಳ ಜನರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜಪಾನಿ ಮೂಲದವರು. ಅವಳ ಕತ್ತರಿಗೆ ಕತ್ತು ಕೊಟ್ಟು ಆ ಸಿಪಾಯಿ ಕಣ್ಣು ಮುಚ್ಚಿಕೊಂಡು ಹಾಯಾಗಿ ಕೂತಿದ್ದಾನೆ. ಆಮೇಲೆ ಆ ಅಂಗಡಿ ಏನಾಯಿತೋ. ಯುದ್ಧ ಶುರುವಾದ ದಿನವೇ ಹವಾಯಿಯಲ್ಲಿ ಮಿಲಿಟರಿ ಕಾನೂನು ಬಂತು, 1944ರ ತನಕ ಹೋಗಲಿಲ್ಲ.

ಒಂದು ಚಿತ್ರದಲ್ಲೂ ಮೋಡ ಇಲ್ಲ. ಮೊದಲು ಇದು ಶಾಂತಿಯ ಕಾಲದ ಬಿಸಿಲು ಅಂದುಕೊಂಡು ಸಂತೋಷವಾಯಿತು. ಇವರು ಹೇಳಿದ ಪ್ರಕಾರ ಆ ಫಿಲ್ಮ್ ತುಂಬಾ ನಿಧಾನದ್ದು, ಕಣ್ಣು ಕುಕ್ಕುವ ಬಿಸಿಲಿಲ್ಲದಿದ್ದರೆ ಚಿತ್ರ ಸರಿಯಾಗಿ ಮೂಡುವುದೇ ಕಷ್ಟ. ಮಳೆಯ ದಿನಗಳು, ರಾತ್ರಿ ಕಾವಲು, ಮನೆ ನೆನಪಾಗಿ ಅತ್ತ ಸಂಜೆಗಳು ಎಲ್ಲಾ ಡಬ್ಬಿಯ ಹೊರಗೇ ಉಳಿದವು.

ಆದರೂ ಆ ನಗು ನಿಜ. ಮುಂದೆ ಏನಾಗುತ್ತದೆ ಅಂತ ನಮಗೆ ಗೊತ್ತಿದೆ ಅಂತ ಪ್ರತಿ ಮುಖವನ್ನೂ ಪಾಪ ಅಂತ ನೋಡುವುದು ನನಗೆ ಸರಿ ಅನ್ನಿಸುವುದಿಲ್ಲ. ಷೂ ಉಜ್ಜುತ್ತಿದ್ದವನು ಯಾರಿಗೋ ಕಾಯುತ್ತಿದ್ದ, ಪೇಟೆಗೆ ಹೊರಟಿದ್ದ, ಅವನ ಸಂಜೆ ಅವನದು.

ಮಗಳಿಗೆ ಮತ್ತೆ ಮೈ ಬಿಸಿ. ನಾಳೆ ಶಾಲೆ ಹೇಗೂ ರಜೆ, ಅಷ್ಟು ಒಳ್ಳೆಯದು.

ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಹೆಸರುಗಳಿವೆ. ಬಣ್ಣ ಉಳಿದಿದೆ, ಹೆಸರು ಅಳಿಸುತ್ತಿವೆ, ಮುಟ್ಟಿದರೆ ಕೈಗೆ ಹತ್ತುತ್ತವೆ. ಸ್ಕೋಫೀಲ್ಡ್‌ನಲ್ಲೇ ಟ್ರಾಪಿಕ್ ಲೈಟ್ನಿಂಗ್ ಅನ್ನೋ ಸೈನ್ಯದ ಮ್ಯೂಸಿಯಂ ಇದೆ, ಅವರಿಗೆ ಬರೆಯೋಣ ಅಂದೆ. ಅಜ್ಜಿ ಹೂಂ ಅಂದರು, ಆದರೆ ಡಬ್ಬಿಯನ್ನು ನಮ್ಮಲ್ಲಿ ಬಿಡದೆ ವಾಪಸು ತೆಗೆದುಕೊಂಡು ಹೋದರು. ಹೆಸರುಗಳನ್ನಾದರೂ ಮೊದಲು ಒಂದು ಕಡೆ ಬರೆದಿಡಬೇಕು. ಷೂ ಹುಡುಗನದು ಮೊದಲ ಅಕ್ಷರ ಮಾತ್ರ ಕಾಣುತ್ತದೆ, ಅದೂ ಸರಿಯಾಗಿ