ಮಗುಚಿ ನೋಡಿದ ದಿನ

2025 ಜನವರಿ 5, ರವಿವಾರ
ನವನಗರ, ಬಾಗಲಕೋಟೆ

ಬರುವ ಸೋಮವಾರವಲ್ಲ, ಅದರ ಮುಂದಿನ ಸೋಮವಾರ ಬನದ ಹುಣ್ಣಿಮೆ. ಅಂದು ನಾವು ನಾಲ್ವರು ಎರಡು ಕೆನೋಗಳಲ್ಲಿ (ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದನೆಯ ದೋಣಿಗಳು), ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದಿಂದ ಹೊರಟು, ಆಲಮಟ್ಟಿ ಹಿನ್ನೀರಿನ ದಂಡೆಗುಂಟ ಎರಡು ದಿನ ಸಾಗಬೇಕೆಂದಿದ್ದೇವೆ. ಅದಕ್ಕೂ ಮುನ್ನ ಸಾಮಾನು ತುಂಬಿದ ದೋಣಿಯನ್ನು ಒಮ್ಮೆ ಬೇಕೆಂದೇ ಮಗುಚಿ ನೋಡಬೇಕೆಂದು ನಾನು ಹಟ ಹಿಡಿದಿದ್ದರಿಂದ, ಇಂದು ಬೆಳಿಗ್ಗೆ ಅನಗವಾಡಿಯ ಸಮೀಪ ಎದೆಮಟ್ಟದ ನೀರಿನಲ್ಲಿ ಆ ಕೆಲಸವನ್ನು ಮೂರು ಸಲ ಮಾಡಿದೆವು.

ಮೊದಲ ಸಲ ಬಿದ್ದಾಗಲೇ ನನ್ನ ಸಂಗಡಿಗನ ಲೈಫ್ ಜಾಕೆಟ್ ಮೇಲೇರಿ ಅವನ ಕಿವಿಗಳನ್ನು ಮುಚ್ಚಿತು. ಪಕ್ಕೆಯ ಪಟ್ಟಿಗಳನ್ನು ಅವನು ಬಿಗಿದಿರಲಿಲ್ಲ. ಜಾಕೆಟ್ ತೊಟ್ಟವನ ಭುಜದ ಪಟ್ಟಿಗಳನ್ನು ದಂಡೆಯ ಮೇಲೆಯೇ ಇನ್ನೊಬ್ಬರು ಹಿಡಿದೆತ್ತಿ ನೋಡಿದ್ದರೆ, ಅದು ಗದ್ದ ದಾಟುತ್ತದೆಯೇ ಇಲ್ಲವೇ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಅವನನ್ನು ನೋಡಿ ನಗುತ್ತಿದ್ದ ನನಗೆ ಕಾಲು ಎತ್ತಲಾಗಲಿಲ್ಲ. ದೋಣಿಯ ಮೂತಿಗೆ ಕಟ್ಟಿ ತಳದಲ್ಲಿ ಸಡಿಲವಾಗಿ ಸುತ್ತಿಟ್ಟಿದ್ದ ನೈಲಾನ್ ಹಗ್ಗದ ಒಂದು ಸುತ್ತು ಎಡಗಾಲಿನ ಹಿಮ್ಮಡಿಯ ಮೇಲೆ ಕುಣಿಕೆಯಂತೆ ಬಿಗಿದಿತ್ತು. ನಿಂತ ನೀರಾದ್ದರಿಂದ ಬಗ್ಗಿ ಬಿಡಿಸಿಕೊಂಡೆ. ಹರಿಯುವ ನೀರಾಗಿದ್ದರೆ ದೋಣಿ ನನ್ನನ್ನು ಎಳೆದುಕೊಂಡೇ ಹೋಗುತ್ತಿತ್ತು. ಇನ್ನು ಮುಂದೆ ಆ ಹಗ್ಗವನ್ನು ಮೂತಿಯ ಮೇಲೆ ರಬ್ಬರ್ ಪಟ್ಟಿಯಡಿ ಮಡಿಸಿ ಸಿಕ್ಕಿಸುವುದು, ಒಂದೇ ಕೈಯಿಂದ ಬಿಚ್ಚಬಹುದಾದ ಚಾಕುವನ್ನು ಚೀಲದಲ್ಲಲ್ಲ, ಜಾಕೆಟ್ಟಿನಲ್ಲಿಯೇ ಇಡುವುದು ಎಂದು ನಿರ್ಧರಿಸಿದೆವು.

ಹದಿನಾರು ಅಡಿಯ ಕೆನೋದೊಳಗೆ ತುಂಬಿದ ನೀರು ಕ್ವಿಂಟಾಲುಗಟ್ಟಲೆ ತೂಗುವುದರಿಂದ ಅದನ್ನು ಇದ್ದಲ್ಲೇ ಎತ್ತುವ ಮಾತೇ ಇಲ್ಲ. ಎರಡನೆಯ ಕೆನೋವನ್ನು ಅದಕ್ಕೆ ಅಡ್ಡವಾಗಿ ನಿಲ್ಲಿಸಿ, ಬೋರಲಾದ ದೋಣಿಯ ಒಂದು ತುದಿಯನ್ನು ಅಂಚಿನ ಮೇಲೆ ಎಳೆದುಕೊಂಡು, ನೀರು ಸುರಿದುಹೋದ ಮೇಲೆ ಅಲ್ಲಿಯೇ ಹೊರಳಿಸಿ ಮತ್ತೆ ನೀರಿಗೆ ಜಾರಿಸಬೇಕು. ಬಳಿಕ ಎರಡನ್ನೂ ಜೋಡಿಸಿ ಹಿಡಿದುಕೊಂಡರೆ ಬಿದ್ದವರು ಹತ್ತಬಹುದು. ಮೊದಲ ಸಲ ಇದಕ್ಕೆ ಹನ್ನೊಂದು ನಿಮಿಷ ಹಿಡಿಯಿತು, ಮೂರನೆಯ ಸಲ ನಾಲ್ಕು. ನೀರು ಹೊಗದ ಸಾಮಾನಿನ ಚೀಲಗಳನ್ನು ದೋಣಿಗೆ ಬಿಗಿದು ಕಟ್ಟಬೇಕೇ ಬೇಡವೇ ಎಂಬ ವಾದ ಮಾತ್ರ ಬಗೆಹರಿಯಲಿಲ್ಲ. ಗಾಳಿ ತುಂಬಿದ ಚೀಲಗಳು ಬಿಗಿಯಾಗಿ ಕೂತಿದ್ದರೆ ಅಷ್ಟು ಜಾಗದಲ್ಲಿ ನೀರು ನಿಲ್ಲುವುದಿಲ್ಲ, ಆದರೆ ದೋಣಿಯನ್ನು ಎತ್ತುವಾಗ ಅವು ಭಾರವಾಗುತ್ತವೆ. ಕಡಕ್ ರೊಟ್ಟಿಯ ಚೀಲವನ್ನು ಕಟ್ಟದೆ ಬಿಟ್ಟಿದ್ದೆವು; ಅದು ತೇಲುತ್ತಾ ಜಾಲಿಗಂಟಿಯವರೆಗೆ ಹೋಗಿತ್ತು, ಬಾಯಿಯನ್ನು ಮೂರು ಸುತ್ತು ಮಡಚಿದ್ದರಿಂದ ರೊಟ್ಟಿಗೇನೂ ಆಗಿರಲಿಲ್ಲ.

ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡಿ, "ತೆಪ್ಪ ತಿರಗತೈತಿ, ಮುಳಗಂಗಿಲ್ಲ. ನಿಮ್ಮದು ನೆಟ್ಟಗ ಹೊಕ್ಕೈತಿ, ಆದ್ರ ಹೊಳ್ಳತೈತಿ" ಎಂದರು. ಬುಟ್ಟಿಯಂಥ ದುಂಡನೆಯ ತೆಪ್ಪಕ್ಕೂ ಕೆನೋಗೂ ಇರುವ ವ್ಯತ್ಯಾಸವನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬಿಸಿಲೇರಿದ ಮೇಲೆ ನಡುನೀರಿಗೆ ಹೋಗಬೇಡಿರೆಂದೂ ಅವರೇ ಎಚ್ಚರಿಸಿದರು. ಹಿನ್ನೀರು ಅಗಲವಾದಷ್ಟೂ ಗಾಳಿಗೆ ಓಡಲು ಬಯಲು ಸಿಗುತ್ತದೆ, ಬಯಲು ಉದ್ದವಾದಷ್ಟೂ ತೆರೆ ಎತ್ತರವಾಗುತ್ತದೆ. ಆದ್ದರಿಂದ ಅಡ್ಡ ದಾಟುವ ಕೆಲಸವೇನಿದ್ದರೂ ಬೆಳಗಿನ ಒಂಬತ್ತರೊಳಗೆ ಮುಗಿಯಬೇಕು. ತೆರೆ ಎದ್ದರೆ ಮೊಣಕಾಲೂರಿ ಕೂತು, ಪಕ್ಕೆ ಕೊಡದೆ, ಮೂತಿಯನ್ನು ತುಸು ಓರೆಯಾಗಿಸಿ ಎದುರಿಸಬೇಕು. ಜಲಾಶಯದ ಪೂರ್ಣಮಟ್ಟ 519.60 ಮೀಟರ್. ಅಲ್ಲಿಂದ ನೀರು ಇಳಿಯತೊಡಗಿದಂತೆ ಮುಳುಗಿದ ಜಾಲಿಯ ತುದಿಗಳೂ ಹಳೆಯ ಗೋಡೆಗಳೂ ಗೇಣುದ್ದ ಕೆಳಗೆ ಕಾಣದಂತೆ ನಿಂತಿರುತ್ತವೆ.

ಕೆನಡಾದ ಸರೋವರಗಳಲ್ಲಿ ಹೋಗುವವರು ಒಂದು–ಹತ್ತು–ಒಂದು ಎಂದು ಬಾಯಿಪಾಠ ಮಾಡುತ್ತಾರೆ: ಹಿಮದಂಥ ನೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವವರೆಗೆ ಸುಮಾರು ಒಂದು ಗಂಟೆ. ನಮ್ಮ ನೀರು ಅಂಥದ್ದಲ್ಲ. ನಮ್ಮನ್ನು ಬಳಲಿಸುವುದು ಬಿಸಿಲು. ಸುತ್ತ ನೀರಿದ್ದರೂ ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ಮೊಸಳೆಗಳಿರುವ ನದಿಯಾದ್ದರಿಂದ ಗುಡಾರವನ್ನು ದಂಡೆಯಿಂದ ದೂರ, ಏರಿನಲ್ಲಿ ಹಾಕುವುದೆಂದು ಮಾತಾಗಿದೆ.

ಗೆಳೆಯರಲ್ಲೊಬ್ಬನಿಗೆ ಘಟಪ್ರಭೆಯ ಮೇಲ್ಭಾಗದಿಂದಲೇ ಇಳಿದು ಬರುವ ಆಸೆಯಿತ್ತು. ನಾನು ಒಪ್ಪಲಿಲ್ಲ. ದಾರಿಗಡ್ಡ ಬರುವ ಬ್ಯಾರೇಜಿನ ಮೇಲಿಂದ ಬಿದ್ದ ನೀರು ಅದರ ಬುಡದಲ್ಲಿ ಹಿಂದಕ್ಕೆ ಉರುಳುತ್ತಿರುತ್ತದೆ. ದೋಣಿಯಲ್ಲಿ ಇಳಿದು ಬರುವವರಿಗೆ ನಯವಾದ ಒಂದು ಗೆರೆಯಷ್ಟೇ ಕಾಣುತ್ತದೆ, ಒಳಗೆ ಸಿಕ್ಕವನನ್ನು ಜಾಕೆಟ್ ಸಮೇತ ಮತ್ತೆ ಮತ್ತೆ ಗೋಡೆಯ ಕಡೆಗೇ ಎಳೆಯುತ್ತದೆ.

ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಬಿಟ್ಟುಹೋಗುವ ಚೀಟಿಯನ್ನು ಬರೆದೆ: ಎಲ್ಲಿಂದ ಹೊರಡುತ್ತೇವೆ, ಎಲ್ಲಿ ತಂಗುತ್ತೇವೆ, ದೋಣಿಗಳ ಬಣ್ಣವೇನು, 14ರ ಸಂಜೆ ಆರರೊಳಗೆ ಫೋನ್ ಬಾರದಿದ್ದರೆ 112ಕ್ಕೆ ಕರೆ ಮಾಡಬೇಕು. ನನ್ನ ಹೆಂಡತಿ ಅದನ್ನು ಎರಡು ಸಲ ಓದಿ, ಆರಕ್ಕೆ ಹೊತ್ತು ಮುಳುಗುತ್ತದೆ, ಹುಡುಕುವವರಿಗೆ ಬೆಳಕು ಬೇಡವೇ ಎಂದು ಕೇಳಿ, ಆರನ್ನು ಹೊಡೆದುಹಾಕಿ ಮೂರು ಎಂದು ತಿದ್ದಿದಳು.